ವೆಬ್‌ಸೈಟ್, ಆ್ಯಪ್ ಯಾರಿಂದ ಮಾಡಿಸಬೇಕು? ಬೆಳಗಾವಿ, ಬಾಗಲಕೋಟೆ, ವಿಜಯಪುರದ ವ್ಯಾಪಾರಸ್ಥರಿಗೊಂದು ಹೋಲಿಕೆ

ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿ ಮಾಲೀಕರು, ಇಳಕಲ್ಲಿನ ಸೀರೆ ವ್ಯಾಪಾರಿಗಳು, ಅಮೀನಗಡದ ಕರದಂಟಿನ ಅಂಗಡಿಯವರು, ವಿಜಯಪುರದಲ್ಲಿ ಕೋಚಿಂಗ್ ಕ್ಲಾಸ್ ನಡೆಸುವವರು ಈಚೆಗೆ ಒಂದೇ ಬಗೆಯ ಗೊಂದಲದಲ್ಲಿದ್ದಾರೆ. ವೆಬ್‌ಸೈಟೋ ಆ್ಯಪೋ ಬೇಕು ಎಂಬುದು ನಿಶ್ಚಯವಾಗಿದೆ. ಅದನ್ನು ಊರಲ್ಲೇ ಇರುವ ಸ್ವತಂತ್ರ ಡೆವಲಪರ್‌ಗೆ ಒಪ್ಪಿಸಬೇಕೋ, ಪುಣೆ, ಬೆಂಗಳೂರು ಅಥವಾ ಹುಬ್ಬಳ್ಳಿಯ ಕಂಪನಿಗೆ ಕೊಡಬೇಕೋ, ತಿಂಗಳ ಬಾಡಿಗೆ ಕಟ್ಟಿ ನಡೆಸುವ ಸಿದ್ಧ ವೇದಿಕೆಯೇ ಸಾಕೋ ಎಂಬುದು ತಿಳಿಯುತ್ತಿಲ್ಲ. ಮಾತು ಶುರುವಾದೊಡನೆ ಬರುವ ಮೊದಲ ಪ್ರಶ್ನೆ 'ಎಷ್ಟಾಗ್ತದ್ರಿ?' ಎಂಬುದು. ಅದು ಕೇಳಬೇಕಾದ ಪ್ರಶ್ನೆಯೇ, ಆದರೆ ಅದನ್ನು ಮೊದಲಿಗೆ ಕೇಳಿದರೆ ಕಡಿಮೆ ಮೊತ್ತ ಹೇಳಿದವನಿಗೆ ಕೆಲಸ ಹೋಗುತ್ತದೆ, ಉಳಿದ ವಿಷಯಗಳು ಚರ್ಚೆಗೇ ಬರುವುದಿಲ್ಲ.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡುವುದು ನ್ಯಾಯ. ನಾನು ಬೆಳಗಾವಿಯಲ್ಲಿ ಕೂತು ಪರರಿಗಾಗಿ ಆ್ಯಪ್, ವೆಬ್‌ಸೈಟ್ ಕಟ್ಟಿಕೊಡುವ ಸ್ವತಂತ್ರ ಡೆವಲಪರ್. ನನ್ನ ತಕ್ಕಡಿ ಯಾವ ಕಡೆಗೆ ವಾಲಬಹುದೆಂದು ಊಹಿಸುವುದು ಕಷ್ಟವಲ್ಲ. ಓದುಗರು ಅದನ್ನು ಲೆಕ್ಕಕ್ಕೆ ಹಿಡಿದೇ ಮುಂದೆ ಓದಬೇಕು.

ಮೊದಲು ಅಳತೆಗೋಲುಗಳು

ಮೊದಲನೆಯದು ಕೆಲಸದ ಸ್ವರೂಪ. ಫೌಂಡ್ರಿಯ ಪರಿಚಯ, ಯಂತ್ರಗಳ ಪಟ್ಟಿ, ಪ್ರಮಾಣಪತ್ರಗಳನ್ನು ತೋರಿಸುವ ಐದಾರು ಪುಟದ ವೆಬ್‌ಸೈಟು ಒಮ್ಮೆ ಕಟ್ಟಿದರೆ ಹೆಚ್ಚು ಬದಲಾಗುವುದಿಲ್ಲ. ದಿನಾ ಆರ್ಡರ್ ಬರುವ, ಸ್ಟಾಕ್ ಕಡಿಮೆಯಾಗುವ, ಹಣ ಜಮೆಯಾಗುವ ವ್ಯವಸ್ಥೆ ಹಾಗಲ್ಲ; ಅದನ್ನು ಕಟ್ಟುವುದಕ್ಕಿಂತ ನಡೆಸಿಕೊಂಡು ಹೋಗುವುದೇ ದೊಡ್ಡ ಕೆಲಸ. ಎರಡನೆಯದು ಖರ್ಚು, ಆದರೆ ಮೊದಲ ಬಿಲ್ಲಿನದಲ್ಲ, ಮೂರು ವರ್ಷದ್ದು. ಡೊಮೇನ್ (ವೆಬ್‌ಸೈಟಿನ ವಿಳಾಸ) ಮತ್ತು ಹೋಸ್ಟಿಂಗ್ (ವೆಬ್‌ಸೈಟನ್ನು ಇಡುವ ಸರ್ವರಿನ ಜಾಗ) ಮಾರುವವರು ಮೊದಲ ವರ್ಷಕ್ಕೆ ಬಹಳ ಕಡಿಮೆ ದರ ತೋರಿಸಿ ನವೀಕರಣದ ಹೊತ್ತಿಗೆ ಏರಿಸುವುದು ಸಾಮಾನ್ಯವಾದ್ದರಿಂದ, ಕೊಟೇಶನ್ನಿನಲ್ಲಿ ಎರಡನೆಯ ವರ್ಷದ ದರವನ್ನು ಬರೆಸಿಕೊಳ್ಳದೆ ಹೋಲಿಕೆ ಸಾಧ್ಯವೇ ಇಲ್ಲ.

ಮೂರನೆಯ ಅಳತೆಗೋಲು ಒಡೆತನ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಭಾರವಾದದ್ದು, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಹೆಚ್ಚಿನವರ ನಂಬಿಕೆ, ಪೂರ್ತಿ ಹಣ ಕೊಟ್ಟ ಮೇಲೆ ವೆಬ್‌ಸೈಟು ತಮ್ಮದೇ ಎಂಬುದು. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯ ಸಾಲಿನಲ್ಲಿಟ್ಟಿದೆ. ಅದರ 17ನೆಯ ಕಲಮಿನ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದ ಕೋಡಿನ ಹಕ್ಕು ಮಾಲೀಕನಿಗೆ ಸೇರುತ್ತದೆ. ಹೊರಗಿನ ಸ್ವತಂತ್ರ ಡೆವಲಪರ್ ಬರೆದದ್ದರ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ಅವನಲ್ಲೇ ಉಳಿಯುತ್ತದೆ. ಅದು ನಿಮಗೆ ವರ್ಗವಾಗಬೇಕಾದರೆ 19ನೆಯ ಕಲಮಿನಂತೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಆ ಬರಹದಲ್ಲಿ ಅವಧಿ ನಮೂದಿಸದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಎಣಿಸಲಾಗುತ್ತದೆ. ಹೊರದೇಶಕ್ಕೆ ಒಣದ್ರಾಕ್ಷಿ ಕಳಿಸುವ ವಿಜಯಪುರದ ವ್ಯಾಪಾರಿಗೆ ಈ ಕೊನೆಯ ಸಾಲು ಸಣ್ಣದಲ್ಲ. ಕೆಲಸ ಕೊಡುವುದು ವ್ಯಕ್ತಿಗಾಗಲಿ ಕಂಪನಿಗಾಗಲಿ, ಈ ಮಾತು ಎರಡಕ್ಕೂ ಅನ್ವಯಿಸುತ್ತದೆ.

ಕಾಗದದ ಹಕ್ಕಿನಷ್ಟೇ ಮುಖ್ಯವಾದದ್ದು ಖಾತೆಗಳು ಯಾರ ಹೆಸರಿನಲ್ಲಿವೆ ಎಂಬುದು. ಡೊಮೇನ್, ಹೋಸ್ಟಿಂಗ್, ಪ್ಲೇ ಸ್ಟೋರ್ ಖಾತೆ, ಪಾವತಿ ಗೇಟ್‌ವೇ (ಗ್ರಾಹಕರಿಂದ ಆನ್‌ಲೈನ್ ಹಣ ಪಡೆದುಕೊಡುವ ಸೇವೆ), ಗೂಗಲ್ ಬಿಸಿನೆಸ್ ಪ್ರೊಫೈಲ್ ಎಲ್ಲವೂ ವ್ಯಾಪಾರದ ಸ್ವಂತ ಇಮೇಲ್‌ನಿಂದ ತೆರೆದಿರಬೇಕು, ಡೆವಲಪರ್‌ಗೆ ಕೆಲಸ ಮಾಡಲು ಬೇಕಾದಷ್ಟು ಪ್ರವೇಶ ಮಾತ್ರ ಕೊಟ್ಟಿರಬೇಕು. ಎಸ್ಎಂಎಸ್‌ನಲ್ಲಿ ಒಟಿಪಿ ಕಳಿಸುವುದಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಡಿಎಲ್‌ಟಿ ನೋಂದಣಿ, ಅಂದರೆ ಸಂದೇಶ ಕಳಿಸುವ ಸಂಸ್ಥೆಯ ನೋಂದಣಿ, ಬೇಕಾಗುತ್ತದೆ. ಅದೂ ನಿಮ್ಮ ಸಂಸ್ಥೆಯ ಹೆಸರಿನಲ್ಲೇ ಆಗಲಿ. ಮಾಡಿಕೊಡುವವನು 'ಎಲ್ಲಾ ನಾನ ನೋಡ್ಕೋತೀನ್ರಿ, ನೀವ ತಲಿ ಕೆಡಿಸ್ಕೋಬ್ಯಾಡ್ರಿ' ಎಂದರೆ ಅದರಲ್ಲಿ ದುರುದ್ದೇಶವೇನೂ ಇರಲಿಕ್ಕಿಲ್ಲ. ಆದರೂ ಅವನ ಫೋನ್ ಬಂದ್ ಆದ ದಿನ ನಿಮ್ಮ ಅಂಗಡಿಯೂ ಬಂದ್ ಆಗುತ್ತದೆ.

ನಾಲ್ಕನೆಯದು, ಕೆಟ್ಟಾಗ ಎಷ್ಟು ಹೊತ್ತಿನಲ್ಲಿ ಯಾರು ಬರುತ್ತಾರೆ ಎಂಬುದು. ಐದನೆಯದು ಭಾಷೆ: ನಮ್ಮ ಭಾಗದ ಗ್ರಾಹಕ ಕನ್ನಡ, ಮರಾಠಿ, ಹಿಂದಿ ಮೂರನ್ನೂ ಬಳಸುವವನು, ಮತ್ತು ಲಿಪಿಯ ಸಮಸ್ಯೆಗಳು ಹೊರಗಿನವರಿಗೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಏನನ್ನೂ ಕಟ್ಟಿಸದಿರುವುದು

ಇದೂ ಒಂದು ಆಯ್ಕೆ, ಮತ್ತು ಹಲವರಿಗೆ ಇದೇ ಸರಿ. ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್ ಉಚಿತವಾಗಿದ್ದು ಅದರ ಕ್ಯಾಟಲಾಗಿನಲ್ಲಿ 500ರವರೆಗೆ ವಸ್ತುಗಳನ್ನು ಹಾಕಬಹುದು. ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಟ್ಟರೆ ನಕ್ಷೆಯಲ್ಲಿ ಅಂಗಡಿ ಸಿಗುತ್ತದೆ. ಯುಪಿಐ ಪಾವತಿಗೆ ವ್ಯಾಪಾರಿಯಿಂದ ಎಂಡಿಆರ್ (ಪಾವತಿಯ ಮೇಲೆ ಹಿಡಿಯುವ ಶುಲ್ಕ) ಪಡೆಯಬಾರದೆಂಬ ನಿಯಮ 2020ರ ಜನವರಿಯಿಂದ ಇರುವುದರಿಂದ, ಕ್ಯೂಆರ್ ಕಳಿಸಿ ಹಣ ತರಿಸಿಕೊಂಡರೆ ಕಮಿಷನ್ ಹೋಗುವುದಿಲ್ಲ. ದಿನಕ್ಕೆ ಹತ್ತಿಪ್ಪತ್ತು ಆರ್ಡರ್ ಬರುವ ಗುಳೇದಗುಡ್ಡದ ಖಣದ ವ್ಯಾಪಾರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಸಂದೇಶಗಳು ಒಂದರಡಿ ಒಂದು ಹೂತುಹೋಗಿ ಆರ್ಡರ್ ತಪ್ಪತೊಡಗಿದಾಗ ಮಾತ್ರ ಮುಂದಿನ ಹೆಜ್ಜೆಯನ್ನು ಯೋಚಿಸಬೇಕು.

ಬಾಡಿಗೆಯ ವೇದಿಕೆ

ಶಾಪಿಫೈ, ವಿಕ್ಸ್‌ನಂಥ ವೇದಿಕೆಗಳಲ್ಲಿ ತಿಂಗಳಿಗೋ ವರ್ಷಕ್ಕೋ ಶುಲ್ಕ ಕಟ್ಟಿ ಅಂಗಡಿ ತೆರೆಯಬಹುದು. ಸರ್ವರ್, ಭದ್ರತೆ, ಬ್ಯಾಕಪ್‌ಗಳ ಚಿಂತೆ ಅವರದು. ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಗನೋ ಸೊಸೆಯೋ ಇದ್ದರೆ ಡೆವಲಪರ್ ಇಲ್ಲದೆಯೇ ಕೆಲವು ದಿನಗಳಲ್ಲಿ ಅಂಗಡಿ ಸಿದ್ಧವಾಗುತ್ತದೆ. ಕಾಣದ ಖರ್ಚೊಂದಿದೆ: ಶಾಪಿಫೈನ ಸ್ವಂತ ಪಾವತಿ ವ್ಯವಸ್ಥೆ ಭಾರತದಲ್ಲಿಲ್ಲವಾದ್ದರಿಂದ ಹೊರಗಿನ ಗೇಟ್‌ವೇ ಬಳಸಲೇಬೇಕು, ಹಾಗೆ ಬಳಸಿದ್ದಕ್ಕೆ ಅದರ ಬೇಸಿಕ್ ಯೋಜನೆಯಲ್ಲಿ ಮಾರಾಟದ ಶೇ. 2ರಷ್ಟು ಶುಲ್ಕ ಹೋಗುತ್ತದೆ. ಗೇಟ್‌ವೇಯ ಸ್ವಂತ ಶುಲ್ಕ ಇದರ ಹೊರತಾದದ್ದು.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಊಹೆಯವು, ನಿಮ್ಮ ಕೈಲಿರುವ ಕೊಟೇಶನ್ನಿನ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟು ಮತ್ತೊಮ್ಮೆ ಮಾಡಬೇಕು. ವೇದಿಕೆಯ ಶುಲ್ಕ ತಿಂಗಳಿಗೆ 2,000 ರೂಪಾಯಿ ಎಂದುಕೊಂಡರೆ ಮೂರು ವರ್ಷಕ್ಕೆ 72,000. ಅದೇ ಅಂಗಡಿಯನ್ನು ವರ್ಡ್‌ಪ್ರೆಸ್ ಮತ್ತು ವೂಕಾಮರ್ಸ್‌ನಂಥ ಮುಕ್ತ ತಂತ್ರಾಂಶದಲ್ಲಿ ಕಟ್ಟಿಕೊಡಲು ಡೆವಲಪರ್ 60,000 ಕೇಳಿದ, ಹೋಸ್ಟಿಂಗ್ ವರ್ಷಕ್ಕೆ 6,000, ನಿರ್ವಹಣೆಗೆ ವರ್ಷಕ್ಕೆ 10,000 ಎಂದುಕೊಂಡರೆ ಮೂರು ವರ್ಷಕ್ಕೆ 1,08,000. ಗೇಟ್‌ವೇ ಶುಲ್ಕ ಎರಡಕ್ಕೂ ಸಮಾನವಾದ್ದರಿಂದ ಬಿಟ್ಟುಬಿಡಬಹುದು. ಇನ್ನು ಶೇ. 2ರ ಶುಲ್ಕ ಸೇರಿಸಿದರೆ, ವರ್ಷಕ್ಕೆ 2 ಲಕ್ಷದ ಮಾರಾಟವಿರುವವರಿಗೆ ಬಾಡಿಗೆ ವೇದಿಕೆ 84,000ಕ್ಕೆ ಮುಗಿಯುತ್ತದೆ, ವರ್ಷಕ್ಕೆ 10 ಲಕ್ಷ ಮಾರುವವರಿಗೆ 1,32,000 ತಗಲುತ್ತದೆ. ವರ್ಷಕ್ಕೆ 6 ಲಕ್ಷದ ಆಸುಪಾಸಿನಲ್ಲಿ ಎರಡೂ ಸಮ. ಅಂದರೆ ಆರಂಭದವರಿಗೆ ಬಾಡಿಗೆ ಅಗ್ಗ. ವಹಿವಾಟು ಬೆಳೆದಂತೆ ಅದು ತುಟ್ಟಿಯಾಗುತ್ತದೆ.

ಹಣಕ್ಕಿಂತ ದೊಡ್ಡ ಮಿತಿ ಬೇರೆಯದು. ಸೀರೆಗೆ ಇವು ಹೇಳಿ ಮಾಡಿಸಿದಂತಿವೆ, ಏಕೆಂದರೆ ಬಣ್ಣ, ಅಂಚು, ಸೆರಗು, ಬೆಲೆ ಎಂಬ ಚೌಕಟ್ಟಿನಲ್ಲಿ ಅದು ಕೂತುಕೊಳ್ಳುತ್ತದೆ. ಆದರೆ ಗ್ರೇಡಿನ ಮೇಲೆ ದಿನದಿನಕ್ಕೆ ದರ ಬದಲಾಗುವ ಒಣದ್ರಾಕ್ಷಿ, ಹಳೆಯ ಬಾಕಿ ನೋಡಿ ಉದ್ರಿ ಕೊಡಬೇಕಾದ ಸಗಟು ವ್ಯಾಪಾರ, ಮಹಾಲಿಂಗಪುರದ ಬೆಲ್ಲದ ಅಡತಿಯ ಲೆಕ್ಕ, ಇಂಥವನ್ನು ಆ ಚೌಕಟ್ಟಿಗೆ ಒಗ್ಗಿಸಲು ಹೋದರೆ ಮೇಲಿಂದ ಮೇಲೆ ಬಾಡಿಗೆ ಪ್ಲಗ್‌ಇನ್‌ಗಳು (ಹೆಚ್ಚುವರಿ ಸೌಲಭ್ಯದ ಸಣ್ಣ ತಂತ್ರಾಂಶಗಳು) ಸೇರುತ್ತ ಹೋಗುತ್ತವೆ. ಬಿಟ್ಟುಹೋಗುವಾಗ ವಸ್ತುಗಳ ಪಟ್ಟಿ, ಗ್ರಾಹಕರ ಪಟ್ಟಿ ನಿಮ್ಮ ಜತೆ ಬರುತ್ತವೆ. ಅಂಗಡಿಯ ವಿನ್ಯಾಸ, ಅದರೊಳಗಿನ ವ್ಯವಸ್ಥೆ ಬರುವುದಿಲ್ಲ.

ಊರಿನ ಸ್ವತಂತ್ರ ಡೆವಲಪರ್

ಇವನ ದೊಡ್ಡ ಬಲ ಕೋಡಿನಲ್ಲಿಲ್ಲ, ಗೋದಾಮಿಗೆ ಬಂದು ಕೂರಬಲ್ಲ ಎಂಬುದರಲ್ಲಿದೆ. ಲೆಕ್ಕ ಬರೆಯುವವರ ಪಕ್ಕ ಕೂತು ಅರ್ಧ ದಿನ ನೋಡಿದವನಿಗೆ, ಇಮೇಲಿನಲ್ಲಿ ಬೇಡಿಕೆಗಳ ಪಟ್ಟಿ ಪಡೆದವನಿಗಿಂತ ಹೆಚ್ಚು ತಿಳಿಯುತ್ತದೆ. ಮಾಲೀಕರೊಂದಿಗೆ ಕನ್ನಡದಲ್ಲೋ ಮರಾಠಿಯಲ್ಲೋ ನೇರವಾಗಿ ಮಾತಾಡುವವನೇ ಕೋಡನ್ನೂ ಬರೆಯುವುದರಿಂದ ನಡುವೆ ಅರ್ಥ ಕೆಡುವ ಸಂಭವ ಕಡಿಮೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷದೊಳಗಿದ್ದರೆ ಅವನಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹಾಗಾಗಿ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಸೌಲಭ್ಯ) ಪಡೆಯಲಾಗದ ಸಣ್ಣ ಅಂಗಡಿ, ಶಾಲೆ, ಆಸ್ಪತ್ರೆಗಳಿಗೆ ಕಂಪನಿಯ ಬಿಲ್ಲಿನ ಮೇಲೆ ಬೀಳುವ ಶೇ. 18ರ ಹೊರೆ ಇಲ್ಲಿ ತಪ್ಪಬಹುದು.

ಭಾಷೆಯ ವಿಷಯದಲ್ಲೂ ಇವನಿಗೆ ಅನುಕೂಲವಿದೆ. ಪ್ರಿಂಟಿಂಗ್ ಪ್ರೆಸ್ಸಿನಿಂದ ತಂದ, 'ನುಡಿ' ತಂತ್ರಾಂಶದ ಹಳೆಯ ಫಾಂಟಿನ ಪಠ್ಯವನ್ನು ಹಾಗೆಯೇ ವೆಬ್‌ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬೀಳುತ್ತವೆ, ಅದನ್ನು ಯೂನಿಕೋಡಿಗೆ (ಎಲ್ಲ ಸಾಧನಗಳಿಗೂ ಸಮಾನವಾದ ಅಕ್ಷರ ಸಂಕೇತಕ್ಕೆ) ಪರಿವರ್ತಿಸಬೇಕು. ಕೆಲವು ತಂತ್ರಾಂಶಗಳಲ್ಲಿ ಬಿಲ್ಲನ್ನು ಪಿಡಿಎಫ್ ಮಾಡಿದಾಗ ಕನ್ನಡದ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕಕ್ಕೆ ಸರಿದು ನಿಲ್ಲುತ್ತವೆ. ಅಂಗಡಿಯ ಸಾಮಾನ್ಯ ಥರ್ಮಲ್ ಪ್ರಿಂಟರಿಗೆ ಕನ್ನಡ ಅಕ್ಷರಗಳೇ ಗೊತ್ತಿರುವುದಿಲ್ಲವಾದ್ದರಿಂದ ಬಿಲ್ಲನ್ನು ಚಿತ್ರವಾಗಿ ಕಳಿಸಬೇಕಾಗುತ್ತದೆ. ಕನ್ನಡ ಓದುವವನು ಮಾದರಿ ಬಿಲ್ಲಿನಲ್ಲೇ ಇದನ್ನು ಹಿಡಿಯುತ್ತಾನೆ. ಓದಲು ಬಾರದವನಿಗೆ ನಿಮ್ಮ ಗ್ರಾಹಕ ದೂರು ತಂದಾಗ ತಿಳಿಯುತ್ತದೆ.

ಇವನ ದೌರ್ಬಲ್ಯವೂ ಅಷ್ಟೇ ಸ್ಪಷ್ಟ: ಅವನು ಒಬ್ಬನೇ. ಜ್ವರ ಬಂದರೆ, ಪುಣೆಯಲ್ಲಿ ನೌಕರಿ ಸಿಕ್ಕರೆ, ಮದುವೆಯ ಓಡಾಟದಲ್ಲಿದ್ದರೆ ನಿಮ್ಮ ಕೆಲಸ ನಿಲ್ಲುತ್ತದೆ. ತಾನು ಬರೆದದ್ದನ್ನು ತಾನೇ ಪರೀಕ್ಷಿಸುವವನ ಕಣ್ಣಿಗೆ ತನ್ನ ತಪ್ಪು ಬೀಳುವುದು ಕಷ್ಟ. ವಿನ್ಯಾಸ, ಡೇಟಾಬೇಸ್, ಸರ್ವರ್, ಮೊಬೈಲ್ ಆ್ಯಪ್ ಎಲ್ಲದರಲ್ಲೂ ಸಮಾನವಾಗಿ ಪಳಗಿದವರು ವಿರಳ, ಈ ವೃತ್ತಿಯವನಾಗಿಯೇ ಇದನ್ನು ಹೇಳುತ್ತಿದ್ದೇನೆ. ಆದ್ದರಿಂದ ಆಯ್ಕೆಗೆ ಮುನ್ನ ಅವನು ಕಟ್ಟಿದ, ಈಗಲೂ ನಡೆಯುತ್ತಿರುವ ವೆಬ್‌ಸೈಟುಗಳ ವಿಳಾಸ ಕೇಳಿರಿ. ಅವುಗಳಲ್ಲಿ ಕನಿಷ್ಠ ಒಂದಾದರೂ ಎರಡು ವರ್ಷಕ್ಕಿಂತ ಹಳೆಯದಾಗಿರಲಿ, ಮತ್ತು ಅದರ ಮಾಲೀಕರಿಗೆ ಖುದ್ದಾಗಿ ಫೋನ್ ಮಾಡಿರಿ. ಹೊಸ ಕೆಲಸದ ಅಂದವನ್ನು ಎಲ್ಲರೂ ತೋರಿಸಬಲ್ಲರು. ಇತ್ತೀಚೆಗಂತೂ ಎಐ ಸಾಧನಗಳಿಂದ ಒಂದು ಸಂಜೆಯಲ್ಲಿ ನೋಡಲು ಚಂದದ ಮಾದರಿ ಎದ್ದು ನಿಲ್ಲುವುದರಿಂದ, ಮಾದರಿ ನೋಡಿ ತೀರ್ಮಾನಿಸುವ ಕಾಲ ಮುಗಿದಿದೆ.

ವರ್ಡ್‌ಪ್ರೆಸ್, ಲಾರಾವೆಲ್, ಫ್ಲಟರ್, ರಿಯಾಕ್ಟ್ ನೇಟಿವ್‌ನಂಥ ಎಲ್ಲೆಡೆ ಬಳಕೆಯಲ್ಲಿರುವ ತಂತ್ರಜ್ಞಾನದಲ್ಲೇ ಕಟ್ಟಲು ಹೇಳುವುದು ಒಳ್ಳೆಯದು. ಅವನು ಬಿಟ್ಟುಹೋದರೂ ಹುಬ್ಬಳ್ಳಿಯಲ್ಲೋ ಕೊಲ್ಹಾಪುರದಲ್ಲೋ ಇನ್ನೊಬ್ಬ ಸಿಗುತ್ತಾನೆ. 'ನನ್ನದೇ ಸ್ವಂತ ಫ್ರೇಮ್‌ವರ್ಕ್' (ತಂತ್ರಾಂಶ ಕಟ್ಟುವ ಚೌಕಟ್ಟು) ಎಂದು ಹೆಮ್ಮೆಪಡುವವನ ಪ್ರತಿಭೆಯನ್ನು ಮೆಚ್ಚಿ, ಕೆಲಸವನ್ನು ಬೇರೆಯವರಿಗೆ ಕೊಡಿ.

ಇಲ್ಲೇ ಇನ್ನೊಂದು ಅಗ್ಗದ ದಾರಿಯನ್ನೂ ತೂಗಿಬಿಡಬಹುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರ ಬೆಳಗಾವಿಯಲ್ಲೇ ಇದೆ; ಬಾಗಲಕೋಟೆ, ವಿಜಯಪುರಗಳಲ್ಲೂ ಹಳೆಯ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಕಡಿಮೆ ಹಣಕ್ಕೆ, ಕೆಲವೊಮ್ಮೆ ಪುಕ್ಕಟೆಯಾಗಿ, ಆ್ಯಪ್ ಮಾಡಿಕೊಡಲು ಸಿದ್ಧರಿರುತ್ತಾರೆ. ನಿಮಗೆ ಏನು ಬೇಕೆಂದು ನಿಮಗೇ ಸ್ಪಷ್ಟವಿಲ್ಲದಾಗ ಒಂದು ಮಾದರಿ ಮಾಡಿಸಿ ನೋಡಲು ಇದು ಉತ್ತಮ. ಅದರ ಮೇಲೆ ವ್ಯಾಪಾರ ನಡೆಸಬೇಡಿ, ಪರೀಕ್ಷೆ ಮುಗಿದ ಮೇಲೆ ಆ ಮಕ್ಕಳು ಊರಲ್ಲಿರುವುದಿಲ್ಲ.

ಕಂಪನಿ ಮತ್ತು ದೂರದ ಫ್ರೀಲಾನ್ಸರ್

ಕಂಪನಿಗೆ ಕೊಟ್ಟರೆ ಒಬ್ಬ ಬಿಟ್ಟರೆ ಇನ್ನೊಬ್ಬ ಇರುತ್ತಾನೆ, ವಿನ್ಯಾಸಕ್ಕೆ, ಪರೀಕ್ಷೆಗೆ ಬೇರೆ ಬೇರೆ ಜನರಿರುತ್ತಾರೆ, ಕರಾರು ಪತ್ರವಿರುತ್ತದೆ. ಇದಕ್ಕೆ ತೆರುವ ಬೆಲೆ ಹಣವಷ್ಟೇ ಅಲ್ಲ. ಮಾತಾಡಲು ಬರುವವರು ಒಬ್ಬರು, ಮಾಡುವವರು ಇನ್ನೊಬ್ಬರು. ಕರಾರಿನಲ್ಲಿಲ್ಲದ ಸಣ್ಣ ಬದಲಾವಣೆಗೂ ಹೊಸ ಕೊಟೇಶನ್ ಬರುತ್ತದೆ. ದೊಡ್ಡ ಗಿರಾಕಿಗಳ ಸಾಲಿನಲ್ಲಿ ಸಣ್ಣ ಊರಿನ ಸಣ್ಣ ಕೆಲಸ ಕೊನೆಗೆ ಸರಿಯುತ್ತದೆ. ಹಾಗಿದ್ದೂ ಕೆಲವು ಕೆಲಸಗಳಿಗೆ ಕಂಪನಿಯೇ ಬೇಕು, ಅಲ್ಲಿ ನನಗೆ ಅನುಮಾನವಿಲ್ಲ. ನಮ್ಮ ಜಿಲ್ಲೆಗಳ ತುಂಬ ಇರುವ ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಪಿಗ್ಮಿ ಸಂಗ್ರಹಕ್ಕೆ ಆ್ಯಪ್ ಬೇಕೆಂದು ಕೇಳುತ್ತವೆ. ಅದು ಜನರ ಠೇವಣಿ ಹಣ. ಏಜೆಂಟನ ಮೊಬೈಲಿನಲ್ಲಿ ದಾಖಲಾದದ್ದು ಶಾಖೆಯ ಲೆಕ್ಕಕ್ಕೆ ತಾಳೆಯಾಗಬೇಕು, ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ಬರೆದದ್ದು ಎರಡು ಬಾರಿ ಜಮೆಯಾಗಬಾರದು, ಯಾರು ಯಾವಾಗ ಏನು ತಿದ್ದಿದರೆಂಬುದು ಆಡಿಟಿಗೆ ಸಿಗಬೇಕು. ಇದನ್ನು ಒಬ್ಬನೇ ಡೆವಲಪರ್‌ಗೆ ಒಪ್ಪಿಸುವುದು ಸಂಘಕ್ಕೂ ಅಪಾಯ, ಅವನಿಗೂ ಅಪಾಯ. ಈಗಾಗಲೇ ಹಲವು ಸಂಘಗಳಲ್ಲಿ ನಡೆಯುತ್ತಿರುವ ಸಿದ್ಧ ತಂತ್ರಾಂಶವನ್ನು ಕಂಪನಿಯಿಂದ ಪಡೆದು, ಬಳಸುತ್ತಿರುವ ಸಂಘದ ಕಾರ್ಯದರ್ಶಿಯನ್ನು ವಿಚಾರಿಸುವುದೇ ಕ್ಷೇಮ. ರೋಗಿಗಳ ದಾಖಲೆ ಇಡುವ ಆಸ್ಪತ್ರೆಗಳಿಗೂ ಬಹುಮಟ್ಟಿಗೆ ಇದೇ ಮಾತು ಸಲ್ಲುತ್ತದೆ.

ಅಪ್‌ವರ್ಕ್, ಫೈವರ್‌ನಂಥ ತಾಣಗಳಲ್ಲಿ ಸಿಗುವ ದೂರದ ಫ್ರೀಲಾನ್ಸರ್‌ಗಳು ಲೋಗೋ, ಒಂದು ಪುಟದ ವಿನ್ಯಾಸ, ನಿಧಾನವಾದ ವೆಬ್‌ಸೈಟಿನ ವೇಗ ಹೆಚ್ಚಿಸುವುದು ಮುಂತಾದ ಅಳತೆ ಮಾಡಿ ಹೇಳಬಹುದಾದ ತುಣುಕು ಕೆಲಸಗಳಿಗೆ ತಕ್ಕವರು. ದೀರ್ಘಕಾಲ ಬದಲಾಗುತ್ತ ಹೋಗುವ ಕೆಲಸಕ್ಕೆ ಅಲ್ಲ.

ಆ್ಯಪ್ ನಿಜಕ್ಕೂ ಬೇಕೇ?

ಯಾರಿಂದ ಮಾಡಿಸಿದರೂ ಈ ಪ್ರಶ್ನೆ ಕೇಳಿಕೊಳ್ಳಬೇಕು. ವರ್ಷಕ್ಕೆ ಎರಡು ಬಾರಿ ಸೀರೆ ಕೊಳ್ಳುವ ಗ್ರಾಹಕಿ ಅದಕ್ಕಾಗಿ ಆ್ಯಪ್ ಇಳಿಸಿಕೊಳ್ಳುವುದಿಲ್ಲ. ಅವರಿಗೆ ಮೊಬೈಲಿನಲ್ಲಿ ಚೆನ್ನಾಗಿ ತೆರೆಯುವ ವೆಬ್‌ಸೈಟು ಸಾಕು. ದಿನಾ ಬಳಸುವ ವಿದ್ಯಾರ್ಥಿಗಳು, ಏಜೆಂಟರು, ಡೀಲರುಗಳಿದ್ದಾಗ ಆ್ಯಪ್‌ಗೆ ಅರ್ಥವಿದೆ. ಗೂಗಲ್ ಪ್ಲೇಯ ಡೆವಲಪರ್ ಖಾತೆಗೆ ಒಮ್ಮೆ 25 ಡಾಲರ್ ಕಟ್ಟಿದರಾಯಿತು, ಆಪಲ್‌ಗೆ ವರ್ಷವರ್ಷವೂ 99 ಡಾಲರ್. 2023ರ ನವೆಂಬರ್ 13ರ ನಂತರ ವೈಯಕ್ತಿಕ ಹೆಸರಿನಲ್ಲಿ ತೆರೆದ ಪ್ಲೇ ಖಾತೆಯಾದರೆ, ಆ್ಯಪ್ ಬಿಡುಗಡೆಗೆ ಮುನ್ನ ಕನಿಷ್ಠ 12 ಜನ ಸತತ 14 ದಿನ ಪರೀಕ್ಷಕರಾಗಿ ಇರಬೇಕು; ಸಂಸ್ಥೆಯ ಹೆಸರಿನ ಖಾತೆಗೆ ಈ ಷರತ್ತಿಲ್ಲ, ಬದಲಿಗೆ ಡಿ-ಯು-ಎನ್-ಎಸ್ ಸಂಖ್ಯೆ (ಸಂಸ್ಥೆಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಬೇಕು. ದೀಪಾವಳಿಗೆ ಆ್ಯಪ್ ಬೇಕೆಂದು ನವರಾತ್ರಿಯಲ್ಲಿ ಕೆಲಸ ಕೊಡುವವರು ಈ ಎರಡು ವಾರವನ್ನು ಮರೆಯುತ್ತಾರೆ. ವೆಬ್‌ಸೈಟನ್ನೇ ಆ್ಯಪಿನೊಳಗೆ ಸುತ್ತಿ ಕೊಟ್ಟರೆ ಆಪಲ್ ತಿರಸ್ಕರಿಸಬಹುದು, ಸಿದ್ಧ ಮಾದರಿಯಿಂದ ಮಾಡಿದ ಆ್ಯಪನ್ನು ವ್ಯಾಪಾರಿಯ ಸ್ವಂತ ಖಾತೆಯಿಂದಲೇ ಸಲ್ಲಿಸಬೇಕೆಂಬ ನಿಯಮವೂ ಅಲ್ಲಿದೆ. ಇನ್ನು ಪ್ಲೇಯಲ್ಲಿ ಆಂಡ್ರಾಯ್ಡ್‌ನ ಹೊಸ ಆವೃತ್ತಿಗೆ ತಕ್ಕಂತೆ ಆ್ಯಪನ್ನು ಪ್ರತಿವರ್ಷ ಪರಿಷ್ಕರಿಸುತ್ತಿರಬೇಕು, ಇಲ್ಲದಿದ್ದರೆ ಹೊಸ ಫೋನಿನವರಿಗೆ ಅದು ಸಿಗುವುದು ನಿಲ್ಲುತ್ತದೆ. 'ಒಮ್ಮೆ ಮಾಡಿಸಿದರ ಮುಗೀತು' ಎನ್ನುವವರಿಗೆ ಆ್ಯಪ್ ತಕ್ಕದ್ದಲ್ಲ.

ಯಾರಿಗೆ ಯಾವುದು

ಆನ್‌ಲೈನಿನಲ್ಲಿ ಈಗ ಕಾಲಿಡುತ್ತಿರುವ ಸೀರೆ ಅಥವಾ ಕರದಂಟಿನ ವ್ಯಾಪಾರಿ ಮೊದಲು ವಾಟ್ಸ್ಆ್ಯಪ್, ನಂತರ ಬಾಡಿಗೆ ವೇದಿಕೆ ಎಂಬ ಕ್ರಮದಲ್ಲಿ ಹೋಗಲಿ. ಮೇಲಿನ ಲೆಕ್ಕ ತಲೆಕೆಳಗಾಗುವ ಮಟ್ಟಕ್ಕೆ ಮಾರಾಟ ಬಂದಾಗ ಡೆವಲಪರ್‌ನನ್ನು ಹುಡುಕಬಹುದು. ಫೌಂಡ್ರಿಯ ಪರಿಚಯದ ವೆಬ್‌ಸೈಟಿಗೆ ಊರಿನ ಡೆವಲಪರ್ ಧಾರಾಳವಾಗಿ ಸಾಕು. ಸಗಟು ವ್ಯಾಪಾರ, ಅಡತಿ, ಒಣದ್ರಾಕ್ಷಿಯಂಥ ತನ್ನದೇ ರೂಢಿಯಿರುವ ವಹಿವಾಟಿಗೂ ಅವನೇ ಸರಿ, ಆದರೆ ಅಲ್ಲಿ ನಿರ್ವಹಣೆಯ ಕರಾರು ಮೊದಲ ದಿನವೇ ಆಗಿರಬೇಕು. ಕೋಚಿಂಗ್ ಕ್ಲಾಸಿನವರು ಸ್ವಂತ ಆ್ಯಪ್‌ಗೆ ಕೈ ಹಾಕುವ ಮುನ್ನ ತಿಂಗಳ ಶುಲ್ಕದ ಸಿದ್ಧ ಆ್ಯಪೊಂದನ್ನು ಒಂದು ಬ್ಯಾಚಿನ ಮಟ್ಟಿಗೆ ಬಳಸಿ ನೋಡಲಿ. ಸಹಕಾರಿ ಸಂಘ, ಆಸ್ಪತ್ರೆಗಳು ಕಂಪನಿಯತ್ತ ಹೋಗಲಿ.

ಸ್ವತಂತ್ರ ಡೆವಲಪರ್‌ನನ್ನು ಆರಿಸಿಕೊಂಡವರು ಹಣವನ್ನು ತಿಂಗಳ ಲೆಕ್ಕದಲ್ಲಲ್ಲ, ಕೆಲಸದ ಹಂತಕ್ಕೆ ಕಟ್ಟಿ ಕೊಡಬೇಕು. ಅಡ್ವಾನ್ಸ್ ಮೂರನೆಯ ಒಂದು ಭಾಗ, ನಡೆಯುವ ಮಾದರಿ ಕೈಗೆ ಬಂದಾಗ ಇನ್ನೊಂದು ಭಾಗ. ಕೊನೆಯ ಕಂತನ್ನು ಮಾತ್ರ ಅವನು ಎಲ್ಲ ಖಾತೆಗಳ ಪಾಸ್‌ವರ್ಡ್, ಪೂರ್ತಿ ಕೋಡು ಮತ್ತು ಅವಧಿ, ಪ್ರದೇಶ ಎರಡನ್ನೂ ನಮೂದಿಸಿದ ಹಕ್ಕು ವರ್ಗಾವಣೆ ಪತ್ರವನ್ನು ಕೊಟ್ಟು, ನಿಮ್ಮೆದುರಿಗೇ ಹಿಂದಿನ ದಿನದ ಬ್ಯಾಕಪ್‌ನಿಂದ ವೆಬ್‌ಸೈಟನ್ನು ಬೇರೊಂದು ಸರ್ವರಿನಲ್ಲಿ ಎಬ್ಬಿಸಿ ತೋರಿಸಿದ ಮೇಲೆ ಕೊಡಿ. ಸರಿಯಾದ ಡೆವಲಪರ್ ಇದಕ್ಕೆ ಬೇಸರಪಡುವುದಿಲ್ಲ, ಒಂದು ತಾಸು ಕೇಳುತ್ತಾನೆ ಅಷ್ಟೇ.